ನೀರು ಬಿದ್ದ ಕಾಳು

ನಮ್ಮ ಶಾಲೆಯವರದ್ದೊಂದು ವಾಟ್ಸಾಪ್ ಗುಂಪಿದೆ. ಮೊನ್ನೆ ಅದರಲ್ಲಿ ಯಾರೋ ಏಳನೇ ಕ್ಲಾಸಿನ ಗಣರಾಜ್ಯೋತ್ಸವದ ಫೋಟೋ ಹಾಕಿ, ‘ಆ ದಿನಗಳೇ ಚೆಂದ, ಆಗ ನಮ್ಮಲ್ಲಿ ಯಾವ ಭೇದಭಾವವೂ ಇರಲಿಲ್ಲ’ ಎಂದು ಬರೆದಿದ್ದರು. ಅದರ ಕೆಳಗೆ ಸಾಲುಸಾಲಾಗಿ ಹೂವು, ಹೃದಯ, ಆನಂದಬಾಷ್ಪ. ನಾನೂ ಕೈಮುಗಿದ ಚಿತ್ರವೊಂದನ್ನು ಒತ್ತಿ ಫೋನನ್ನು ಬ್ಯಾಗಿಗೆ ಹಾಕಿದೆ. ಜಗಳವಾಡುವ ವಯಸ್ಸಿನಲ್ಲಿ ಬೇಕಾದಷ್ಟು ಆಡಿದ್ದಾಗಿದೆ. ಈಗ ನೆಲಮಂಗಲದ ಗೋದಾಮಿನಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ನಿಂತು ಪಾರ್ಸಲ್ ಸ್ಕ್ಯಾನ್ ಮಾಡಿ, ಹೆದ್ದಾರಿಯ ಧೂಳಿನಲ್ಲಿ ಬಸ್ಸಿಗೆ ಕಾದು, ಬಸ್ಸಿನಲ್ಲೂ ನಿಂತೇ ಮನೆ ಸೇರುವವಳಿಗೆ ಹಳೆಯ ಕಥೆ ತಿದ್ದುವ ಶಕ್ತಿ ಎಲ್ಲಿಂದ ಬರಬೇಕು? ಅವರಿಗೆ ಹಾಗೆ ನೆನಪಿದ್ದರೆ ಇರಲಿ ಬಿಡಿ ಅನ್ನಿಸಿತು.

ಆದರೂ ಮಲಗುವ ಮುಂಚೆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ‘ವಿವಿಧತೆಯಲ್ಲಿ ಏಕತೆ’ ಅಂತ ನಮ್ಮ ಮೇಷ್ಟ್ರು ಮಾಡಿಸಿದ ಮೆರವಣಿಗೆ ಅದು. ನಡುವೆ ಕಿರೀಟ ತೊಟ್ಟು ಬಾವುಟ ಹಿಡಿದ ಭಾರತಮಾತೆ ನನ್ನ ಗೆಳತಿ, ಊರಿನ ದೊಡ್ಡಮನೆಯ ಮೊಮ್ಮಗಳು. ರೇಷ್ಮೆ ಸೀರೆ, ಸರ, ಕಿರೀಟ ಎಲ್ಲವೂ ಅವಳ ಮನೆಯಿಂದಲೇ ಬಂದಿದ್ದರಿಂದ ಆ ಪಾತ್ರಕ್ಕೆ ಪೈಪೋಟಿ ಇರಲಿಲ್ಲ. ಅವಳ ಎಡಕ್ಕೆ ಕರ್ನಾಟಕವಾಗಿ ನಾನು, ನಮ್ಮೂರಲ್ಲಿ ಯಾರೂ ಉಡದ ಕೊಡಗಿನ ಸೀರೆಯಲ್ಲಿ. ಬಲಕ್ಕೆ ಒಡಿಶಾದಿಂದ ಬಂದಿದ್ದ ನಮ್ಮ ಇನ್ನೊಬ್ಬ ಗೆಳತಿ. ಒಡಿಶಾದವರು ಏನು ಉಡುತ್ತಾರೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ, ಅವಳನ್ನು ಕೇಳಬಹುದೆಂದು ಅವರಿಗೆ ಹೊಳೆಯಲೂ ಇಲ್ಲ. ಅವಳಿಗೆ ಪಂಜಾಬಿನ ವೇಷ ಹಾಕಿಸಿದ್ದರು.

ನಮ್ಮ ಶಾಲೆ ಇದ್ದದ್ದು ದಾಬಸ್‌ಪೇಟೆಯ ಹತ್ತಿರ, ಒಂದು ಕಡೆ ಊರು, ಇನ್ನೊಂದು ಕಡೆ ಫ್ಯಾಕ್ಟರಿಗಳು. ಊರಿನ ಅನುಕೂಲಸ್ಥರ ಮಕ್ಕಳು ಆಗಲೇ ಕಾನ್ವೆಂಟಿನ ವ್ಯಾನು ಹತ್ತಿದ್ದರು. ದೊಡ್ಡಮನೆಯ ಗೆಳತಿಗೆ ಮಾತ್ರ ವ್ಯಾನು ಹತ್ತಿದರೆ ವಾಂತಿ, ಅದಕ್ಕೇ ನಮ್ಮ ಪಾಲಿಗೆ ಉಳಿದಿದ್ದಳು. ಮಿಕ್ಕವರೆಂದರೆ ಕಾಲೋನಿಯ ನಾವು, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು ಕಡೆಯವರ ಮಕ್ಕಳು, ಗ್ಯಾರೇಜು ಇಟ್ಟುಕೊಂಡಿದ್ದ ಸಾಬರ ಮಕ್ಕಳು, ಹಿಂದೂಪುರದ ಕಡೆಯ ತೆಲುಗಿನವರು, ಫ್ಯಾಕ್ಟರಿ ಶೆಡ್ಡುಗಳಲ್ಲಿದ್ದ ಬಿಹಾರ, ಒಡಿಶಾದವರು. ಆಟಕ್ಕೆ ಬಿಟ್ಟರೆ ಐದಾರು ಭಾಷೆಯಲ್ಲಿ ಬೈಗುಳ ಕಿವಿಗೆ ಬೀಳುತ್ತಿತ್ತು. ನಾವು ಮೊದಲು ಕಲಿತದ್ದೂ ಅವನ್ನೇ. ಮಧ್ಯಾಹ್ನ ಎಲ್ಲರೂ ಒಂದೇ ಜಮಖಾನದ ಮೇಲೆ ಕೂತು ಒಂದೇ ಸಾಂಬಾರು ಉಣ್ಣುತ್ತಿದ್ದೆವು, ಒಬ್ಬರ ತಟ್ಟೆಯ ತುತ್ತು ಇನ್ನೊಬ್ಬರ ಬಾಯಿ ಸೇರುತ್ತಿತ್ತು. ಶಾಲೆಯಲ್ಲಿ ನಾನು ನಿಜಕ್ಕೂ ಸುಖವಾಗಿದ್ದೆ. ಆ ಫೋಟೋದ ಕೆಳಗೆ ಬರೆದದ್ದು ಪೂರ್ತಿ ಸುಳ್ಳಲ್ಲ. ಆದರೆ ಅದು ಶಾಲೆಯ ಕಾಂಪೌಂಡಿನೊಳಗೆ ಮಾತ್ರ ನಿಜ.

ಕಾಂಪೌಂಡಿನ ಹೊರಗೆ ಅವರೆಕಾಯಿ ಕಾಲ ಬರುತ್ತಿತ್ತು.

ಅವರೆ ಶುರುವಾದರೆ ನಮ್ಮ ಕಡೆಯ ಮನೆಗಳಲ್ಲಿ ಬೇರೆ ಅಡುಗೆಯೇ ಇಲ್ಲ. ದೊಡ್ಡಮನೆಯ ಹೊಲದಲ್ಲಿ ನಮ್ಮವ್ವ ಕಾಯಿ ಕೀಳುತ್ತಿದ್ದಳು. ಭಾನುವಾರ ದೊಡ್ಡಮನೆಯ ಅಜ್ಜಿ ಮೊಮ್ಮಗಳ ಗೆಳತಿಯರನ್ನೆಲ್ಲ ಕೆಲಸಕ್ಕೆ ಕರೆಯುತ್ತಿದ್ದರು. ಕೆಲಸ ಎರಡು ಬಗೆಯದು. ಒಂದು, ಕಾಯಿ ಸುಲಿದು ಕಾಳು ಬಿಡಿಸುವುದು. ಇನ್ನೊಂದು, ಹಿಂದಿನ ದಿನ ನೆನೆಹಾಕಿದ ಕಾಳನ್ನು ಬೆರಳ ತುದಿಯಲ್ಲಿ ಹಿದುಕಿ ಸಿಪ್ಪೆ ಕಳಚುವುದು. ಮೊದಲನೆಯದನ್ನು ಅಂಗಳದಲ್ಲಿ ಕೂತು ಎಲ್ಲರೂ ಮಾಡಬಹುದು, ನಾನೂ ಮಾಡಬಹುದು. ಎರಡನೆಯದನ್ನು ಜಗಲಿಯ ಮೇಲೆ ಕೂತು ಮಾಡಬೇಕು, ಅದು ನನಗಲ್ಲ. ಅವರ ಹೊಲದಲ್ಲಿ ಬಿತ್ತಿದ್ದು ನಾವು, ಕಳೆ ತೆಗೆದದ್ದು ನಾವು, ಕಿತ್ತದ್ದು ನಾವು, ಬಿಡಿಸಿದ್ದು ನಾವು. ಅಷ್ಟರವರೆಗೂ ಕಾಳು ಕಾಳೇ. ಅದಕ್ಕೆ ನೀರು ಬಿದ್ದ ಮೇಲೆ ಮಾತ್ರ ನಮ್ಮ ಕೈ ತಗುಲಬಾರದು.

ಇದನ್ನು ನನಗೆ ದೊಡ್ಡಮನೆಯವರು ಹೇಳಿದ್ದಲ್ಲ. ಹೇಳಿದ್ದು ನಮ್ಮವ್ವ. “ಕಾಯಿ ಬಿಡ್ಸು, ಎಷ್ಟ್ ಬೇಕಾದ್ರೂ ಬಿಡ್ಸು. ನೀರ್ ಬಿದ್ಮೇಲೆ ಮುಟ್ಬ್ಯಾಡ ಕಣವ್ವ,” ಎಂದು, ಬಿಸಿ ಪಾತ್ರೆ ಮುಟ್ಟಬೇಡ ಅನ್ನುವ ದನಿಯಲ್ಲೇ ಹೇಳಿದ್ದಳು. ಹೀಗಾಗಿ ಯಾರೂ ನನಗೆ ಏಳು, ಹೋಗು ಅನ್ನಬೇಕಾಗುತ್ತಿರಲಿಲ್ಲ. ನೆನೆದ ಕಾಳಿನ ಪಾತ್ರೆ ಬಾಗಿಲು ದಾಟಿ ಜಗಲಿಗೆ ಬಂದರೆ ಸಾಕು, ನಾನು ಲಂಗ ಕೊಡವಿಕೊಂಡು ಎದ್ದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಬಾಯಾರಿದರೆ ಗೆಳತಿ ಚೊಂಬು ತಂದು ಬೊಗಸೆಗೆ ನೀರು ಹುಯ್ಯುತ್ತಿದ್ದಳು. ನಗುನಗುತ್ತಲೇ ಹುಯ್ಯುತ್ತಿದ್ದಳು, ನಾನೂ ನಗುತ್ತಲೇ ಕುಡಿಯುತ್ತಿದ್ದೆ. ನಮಗಿಬ್ಬರಿಗೂ ಅದರಲ್ಲಿ ವಿಶೇಷ ಕಾಣುತ್ತಿರಲಿಲ್ಲ. ಆಮೇಲೆ ಒಡಿಶಾದವಳು ಬಂದಳು.

ಅವಳು ನಮ್ಮ ಕ್ಲಾಸಿಗೆ ಸೇರಿದ ವರ್ಷವೇ ಮೂವರೂ ಜೊತೆಯಾಗಿದ್ದೆವು. ಅವಳ ಕನ್ನಡದಲ್ಲಿ ಅಮ್ಮ ‘ಬರುತ್ತದೆ’, ಬಸ್ಸು ‘ಬರುತ್ತಾಳೆ’. ಆ ಭಾನುವಾರ ಮೊದಲ ಸಲ ದೊಡ್ಡಮನೆಗೆ ಬಂದವಳು ನನ್ನ ಪಕ್ಕವೇ ಅಂಗಳದಲ್ಲಿ ಕೂತು ಕಾಯಿ ಬಿಡಿಸುತ್ತಿದ್ದಳು. ನೆನೆದ ಕಾಳಿನ ಪಾತ್ರೆ ಬಂತು. ನಾನು ಎದ್ದೆ. ಅವಳಿಗೆ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ. ಅಜ್ಜಿಗೂ ತಿಳಿಯಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಯಾರ ಹೆಸರು ಹೇಳಿದರೂ ಅವರ ಮುತ್ತಾತನವರೆಗೆ ಹೇಳಬಲ್ಲ ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಯಾರ ಮಗಳವ್ವಾ ನೀನು?”

“ಫ್ಯಾಕ್ಟ್ರಿ,” ಎಂದಳು ಅವಳು.

“ಅದಲ್ಲ ಕಣವ್ವಾ. ನೀವು ಯಾವ ಜನ?”

ಅವಳು ತನ್ನ ಭಾಷೆಯಲ್ಲಿ ಏನೋ ಒಂದು ಹೆಸರು ಹೇಳಿದಳು. ಅಜ್ಜಿ ಮೊಮ್ಮಗಳ ಕಡೆ ತಿರುಗಿ, “ಹಂಗಂದ್ರೇನೇ?” ಎಂದರು. “ನಂಗೇನ್ ಗೊತ್ತಜ್ಜಿ,” ಎಂದಳು ಅವಳು. ಅಜ್ಜಿ ಸೋಲಲಿಲ್ಲ. “ಮನೇಲಿ ಏನ್ ತಿಂತೀರಾ?” ಎಂದು ಇನ್ನೊಂದು ದಾರಿ ಹಿಡಿದರು.

“ಮೀನು. ಕೋಳಿ. ಗುರುವಾರ ಇಲ್ಲ. ಗುರುವಾರ ಅಮ್ಮ ಲಕ್ಷ್ಮಿ ಪೂಜೆ ಮಾಡ್ತದೆ. ಅಕ್ಕಿ ಹಿಟ್ಟಲ್ಲಿ ಲಕ್ಷ್ಮಿ ಪಾದ ಬರೀತದೆ.”

ಅಜ್ಜಿಯ ಮುಖ ಅರಳಿತು. “ಅಯ್ಯೋ, ವಾರ ಮಾಡೋ ಜನ ಕಣೇ! ಒಳ್ಳೇ ಕುಲಾನೇ ಇರ್ಬೇಕು. ಬಾರವ್ವಾ, ಕೈ ತೊಳ್ಕೊಂಡ್ ಬಂದು ಮೇಲೆ ಕೂತ್ಕೊ.”

ನಮ್ಮವ್ವ ಸೋಮವಾರವೂ ವಾರ ಮಾಡುತ್ತಿದ್ದಳು, ಶನಿವಾರವೂ ಮಾಡುತ್ತಿದ್ದಳು. ತಲೆಗೆ ನೀರು ಹಾಕಿಕೊಳ್ಳದೆ ಆ ದಿನಗಳಲ್ಲಿ ತೊಟ್ಟು ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಅದು ಯಾವತ್ತೂ ಲೆಕ್ಕಕ್ಕೆ ಬಂದಿರಲಿಲ್ಲ. ನಮ್ಮ ವಿಷಯದಲ್ಲಿ ಕೇಳಿ ತಿಳಿಯುವಂಥದ್ದೇನೂ ಉಳಿದಿರಲಿಲ್ಲವಲ್ಲ.

ಅವಳು ಜಗಲಿ ಹತ್ತಿದಳು. ನಾನು ಗೇಟಿನ ಬಳಿ ನಿಂತೇ ಇದ್ದೆ. ಅದುವರೆಗೆ ಆ ಗೇಟು ನನಗೆ ಗೇಟಾಗಿತ್ತು, ಅಷ್ಟೆ. ಎಲ್ಲರಿಗೂ ಅವರವರ ಜಾಗ ಇರುವ ಹಾಗೆ ನನಗೂ ಒಂದು ಎಂದುಕೊಂಡಿದ್ದೆ. ಹುಟ್ಟಿದಾಗಿನಿಂದ ನನ್ನನ್ನು ನೋಡಿದ್ದ ಮನೆ ಅದು. ನನಗೆ ಹಾಲುಹಲ್ಲು ಬಿದ್ದದ್ದೂ ಅಜ್ಜಿಗೆ ಗೊತ್ತು. ನೆನ್ನೆ ಮೊನ್ನೆ ರೈಲಿಳಿದು ಬಂದವಳು ಒಂದು ಗುರುವಾರದ ಮಾತು ಹೇಳಿ ಒಳಗೆ ಹೋದಳು. ನನಗೆ ಹೊಟ್ಟೆ ಉರಿಯಿತು. ಅಜ್ಜಿಯ ಮೇಲಲ್ಲ, ಅವಳ ಮೇಲೆ.

ಮುಂದಿನ ಗುರುವಾರ ಶಾಲೆ ಬಿಟ್ಟ ಮೇಲೆ ಅಜ್ಜಿ ಅವಳನ್ನು ಕರೆಸಿ ತಮ್ಮ ಮನೆಗೂ ಪಾದ ಬರೆಸಿದರು. ಅವಳು ಅಕ್ಕಿ ಹಿಟ್ಟು ಕದಡಿದ ಬಟ್ಟಲು ಹಿಡಿದು, ಮುಷ್ಟಿಯನ್ನು ಅದ್ದಿ ಒತ್ತಿ, ಮೇಲೆ ಬೆರಳಿನ ಚುಕ್ಕಿಯಿಟ್ಟು, ಪುಟಾಣಿ ಪಾದಗಳನ್ನು ಮೂಡಿಸುತ್ತ ಹೋದಳು. ಗೇಟಿನಲ್ಲಿ, ನಾನು ನಿಂತ ಜಾಗದ ಪಕ್ಕದಲ್ಲೇ ಶುರು ಮಾಡಿದ್ದಳು. ಪಾದಗಳು ಅಂಗಳ ದಾಟಿ, ಜಗಲಿ ಹತ್ತಿ, ಹೊಸ್ತಿಲು ದಾಟಿ ಒಳಗೆ ಹೋದವು. ಹಿಂದೆಯೇ ಅವಳೂ ಹೋದಳು. ಎಷ್ಟೋ ಹೊತ್ತಾದ ಮೇಲೆ ಆಚೆ ಬಂದಳು.

“ಒಳಗೆ ಏನೈತೆ?” ಎಂದು ದಾರಿಯಲ್ಲಿ ಕೇಳಿದೆ. ಎಷ್ಟೇ ಕೋಪವಿದ್ದರೂ ಅದನ್ನು ಕೇಳದೆ ಇರಲು ಆಗಲಿಲ್ಲ.

“ಏನೂ ಇಲ್ಲ,” ಎಂದಳು. “ಕತ್ತಲೆ. ಫ್ರಿಜ್ಜು. ಈರುಳ್ಳಿ ಮೂಟೆ.”

ಮರುದಿನ ಊಟವಾದ ಮೇಲೆ ಶಾಲೆಯ ನಲ್ಲಿಯ ಹತ್ತಿರ ನಾವಿಬ್ಬರೇ ತಟ್ಟೆ ತೊಳೆಯುತ್ತಿದ್ದೆವು. ನಾನು ಮಾತಾಡುತ್ತಿರಲಿಲ್ಲ. ಅವಳು ತಟ್ಟೆಯನ್ನು ಉಜ್ಜಿದ್ದೇ ಉಜ್ಜಿ ಕೊನೆಗೆ ಮೆಲ್ಲಗೆ ಹೇಳಿದಳು. “ಅಜ್ಜಿಗೆ ಗೊತ್ತಿಲ್ಲ. ನಮ್ಮೂರಲ್ಲಿ ನಾವೂ ಆಚೆ. ನಮ್ಮ ಬೋರ್‌ವೆಲ್ ಬೇರೆ. ನಿನ್ ಥರಾನೇ. ಯಾರಿಗೂ ಹೇಳ್ಬೇಡ.”

ನಾನು ಅವಳ ಮುಖವನ್ನೇ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಅದೇ ಮೂಗು, ಅದೇ ಎಣ್ಣೆ ಹಚ್ಚಿದ ಜಡೆ. ಹಾಗಾದರೆ ನನ್ನ ಮುಖದಲ್ಲೂ ಏನೂ ಇಲ್ಲ ಎಂದು ನನಗೆ ಆಗಲೇ ಹೊಳೆದದ್ದು. ನಾನು ಯಾರು ಅನ್ನುವುದು ನನ್ನ ಮೈಯಲ್ಲಿ ಇರಲಿಲ್ಲ, ಅಜ್ಜಿಯ ನೆನಪಿನಲ್ಲಿತ್ತು. ಅಜ್ಜಿಗೆ ಗೊತ್ತಿಲ್ಲದ ಊರಿನಲ್ಲಿ ಹುಟ್ಟಿದ್ದರೆ ನಾನೂ ಜಗಲಿ ಹತ್ತುತ್ತಿದ್ದೆ. ಇದನ್ನು ತಿಳಿದು ಹಗುರವಾಗಬೇಕಿತ್ತೇನೋ. ನನಗೆ ಆದದ್ದು ಸುಸ್ತು. ಇಷ್ಟು ವರ್ಷ ನಿಂತದ್ದು ಏತಕ್ಕೆ ಎಂದು ಕಾಲು ಆವತ್ತೇ ನೋಯಲು ಶುರುವಾಯಿತು ಅನ್ನಿಸುತ್ತದೆ.

ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವಳೂ ಗೇಟಿಗೆ ಬರುತ್ತಿದ್ದಳು, ಅದರಿಂದ ನಾನೇನು ಒಳಗೆ ಹೋಗುತ್ತಿರಲಿಲ್ಲ. ಕೋಪ ಮಾತ್ರ ಇಳಿದಿತ್ತು. ಆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವಳು ಕರೆಯದೆಯೇ ನನ್ನ ಹಿಂದೆ ಕಾಲೋನಿಗೆ ಬಂದಳು. ಹೊಲದವರು ಕೂಲಿಯ ಜೊತೆ ಕೊಟ್ಟಿದ್ದ ಅವರೆಯನ್ನು ನೆನೆಸಿಕೊಂಡು ನಮ್ಮವ್ವ ಬಾಗಿಲಲ್ಲೇ ಕೂತು ಹಿದುಕುತ್ತಿದ್ದಳು. ಇವಳು ಹೋಗಿ ಪಕ್ಕದಲ್ಲಿ ಕೂತು ಪಾತ್ರೆಗೆ ಕೈ ಹಾಕಿದಳು. ಅವ್ವ ಗಾಬರಿಯಾದಳು. “ಬ್ಯಾಡ ಕಣವ್ವಾ, ನೀನು ದೊಡ್ಡಮನೆಗೆ ಹೋಗಿಬರೋಳು. ಯಾರಾನ ನೋಡಿದ್ರೆ ಹೋಗಿ ಹೇಳ್ತಾರೆ.” ಇವಳು ಕೇಳಲಿಲ್ಲ. ಕಾಳು ಹಾರಿ ಹಾರಿ ಬೀಳುವಂತೆ ಹಿದುಕಿದಳು. ಊಟಕ್ಕೂ ಕೂತಳು. ಮುದ್ದೆಯನ್ನು ನುಂಗಲು ಬರದೆ ಅಗಿದು ಅಗಿದು ಕಣ್ಣಲ್ಲಿ ನೀರು ತುಂಬಿಕೊಂಡಳು. ನಮ್ಮವ್ವ ಅಷ್ಟು ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಮಾರನೆಯ ದಿನ ಭಾನುವಾರ. ಸುದ್ದಿ ನಮಗಿಂತ ಮೊದಲೇ ದೊಡ್ಡಮನೆ ತಲುಪಿತ್ತು. ನಾವಿಬ್ಬರೂ ಗೇಟು ದಾಟುತ್ತಿದ್ದಂತೆ ಅಜ್ಜಿ ಜಗಲಿಯ ಮೇಲಿಂದಲೇ ಕೇಳಿದರು. “ನೆನ್ನೆ ಇವ್ರ ಮನೇಲಿ ನೀರ್ ಕುಡಿದ್ಯೇನವ್ವಾ?”

ಅವಳಿಗೆ ಇಲ್ಲ ಅನ್ನುವುದು ಸುಲಭವಿತ್ತು. ತಿಳಿಯಲಿಲ್ಲ ಅನ್ನುವ ಹಾಗೆ ಸುಮ್ಮನೆ ನಿಂತಿದ್ದರೂ ಆಗುತ್ತಿತ್ತು, ಅವಳ ಕನ್ನಡ ಅಷ್ಟರಲ್ಲೇ ಇತ್ತು. ಗೆಳತಿ ಅಜ್ಜಿಯ ಹಿಂದೆ ನಿಂತು ಇಲ್ಲ ಅನ್ನು ಎಂದು ತಲೆಯಾಡಿಸುತ್ತಲೂ ಇದ್ದಳು. ಇವಳು, “ಕುಡಿದೆ. ಊಟಾನೂ ಮಾಡ್ದೆ,” ಎಂದಳು.

ಅಜ್ಜಿ ಬೈಯಲಿಲ್ಲ. ಕೆಟ್ಟವರಲ್ಲ ಅವರು. ನನಗೆ ಜ್ವರ ಬಂದಾಗ ಮಾತ್ರೆ ಕಳಿಸಿದ್ದರು. “ಹಂಗಾದ್ರೆ ಅಲ್ಲೇ ಇರವ್ವ,” ಎಂದು, ಬೇಸರದಲ್ಲೇ ಹೇಳಿ, ನೆನೆದ ಕಾಳಿನ ಪಾತ್ರೆಯನ್ನು ಒಳಕ್ಕೆ ಎಳೆದುಕೊಂಡರು. ಗೆಳತಿ ಕಂಬಕ್ಕೆ ಒರಗಿ ನಮ್ಮನ್ನೇ ನೋಡುತ್ತ ನಿಂತಳು. ಆಮೇಲೆ ಅವಳೂ ಒಳಗೆ ಹೋದಳು. ನಾವಿಬ್ಬರು ಗೇಟಿನಲ್ಲಿ ಉಳಿದೆವು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಗೇಟಿನಲ್ಲಿ ನನ್ನ ಜೊತೆ ಇನ್ನೊಬ್ಬರು ನಿಂತಿದ್ದರು. ಅವಳಿಗೆ ಮಾತ್ರ ಅಳು ಬಂದಿತ್ತು. ಒಡಿಶಾದಿಂದ ಅಷ್ಟು ದೂರ ಬಂದು ಮತ್ತೆ ಅಲ್ಲಿಗೇ ಬಂದು ನಿಂತಳಲ್ಲ. ಆಗ ನನಗದು ತಿಳಿಯಲಿಲ್ಲ, ಈಗ ತಿಳಿಯುತ್ತದೆ.

ಗಣರಾಜ್ಯೋತ್ಸವದ ಆ ಫೋಟೋ ತೆಗೆದದ್ದು ಇದಾದ ಮೇಲೆ. ಮೂವರೂ ನಗುತ್ತಿದ್ದೇವೆ, ಶಾಲೆಯ ಕಾಂಪೌಂಡಿನೊಳಗೆ. ಪರೀಕ್ಷೆ ಮುಗಿಯುತ್ತಿದ್ದಂತೆ ಒಡಿಶಾದವಳ ಅಪ್ಪನಿಗೆ ಗುಜರಾತಿನ ಕಡೆ ಎಲ್ಲೋ ಕೆಲಸ ಸಿಕ್ಕಿತು. ಒಂದು ಬೆಳಗ್ಗೆ ಅವರ ಶೆಡ್ಡಿಗೆ ಬೀಗ ಬಿದ್ದಿತ್ತು. ಆಮೇಲೆ ಸುದ್ದಿಯಿಲ್ಲ. ದೊಡ್ಡಮನೆಯವಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಫೋಟೋದ ಕೆಳಗೆ ಎಲ್ಲರಿಗಿಂತ ದೊಡ್ಡ ಹೃದಯ ಹಾಕಿದವಳು ಅವಳೇ. ಅವಳು ಸುಳ್ಳುಗಾರ್ತಿಯಲ್ಲ. ಗೇಟು ಅವಳ ನೆನಪಿನಲ್ಲಿ ಇಲ್ಲವೇನೋ. ಒಳಗಿನಿಂದ ನೋಡಿದರೆ ಅದು ಕಾಣುವುದು ಕಷ್ಟ.

ಶಾಲೆ ನನಗೆ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ ನಾನು ಎರಡು ಮಾತು ಹೇಳಬೇಕಾಗುತ್ತದೆ. ಆ ನಲ್ಲಿಯ ಹತ್ತಿರ ತಿಳಿದ ಮಾತು ನನ್ನನ್ನು ಕಾಪಾಡಿದೆ. ಗೋದಾಮಿನಲ್ಲಿ ಅಸ್ಸಾಮಿನವರು, ಬಿಹಾರದವರು, ಕೋಲಾರದವರು ಎಲ್ಲರ ಜೊತೆ ಡಬ್ಬಿ ಹಂಚಿಕೊಂಡು ಉಣ್ಣುತ್ತೇನೆ, ತಲೆ ತಗ್ಗಿಸಿದವಳಲ್ಲ. ಆದರೆ ಹೊಸಬರು ಬಂದಾಗ “ಯಾವೂರು?” ಎಂದು ನಾನೇ ಮೊದಲು ಕೇಳುತ್ತೇನೆ. ಊರಿನ ಹೆಸರು ಕೇಳಿದ ಮೇಲೂ ನನ್ನೊಳಗೆ ಏನೋ ಸುಮ್ಮನಾಗುವುದಿಲ್ಲ. ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು, ಅವರ ಪ್ರಶ್ನೆ ನನ್ನ ಬಾಯಲ್ಲಿ ಇನ್ನೂ ಇದೆ. ಇನ್ನು ನಿಲ್ಲುವ ವಿಷಯ. ಯಾರ ಮನೆಗೆ ಹೋದರೂ ನಾನು ಬಾಗಿಲಲ್ಲೇ ಮಾತು ಮುಗಿಸುತ್ತೇನೆ. ಅವಮಾನ, ಭಯ ಅಂಥದ್ದೇನೂ ಇಲ್ಲ, ಕಾಲು ತಾನಾಗಿಯೇ ಅಲ್ಲಿ ನಿಲ್ಲುತ್ತದೆ.

ಮಗಳಿಗೆ ನಾನು ಇದೊಂದನ್ನೂ ಹೇಳಿಲ್ಲ. ಮೂರನೇ ಕ್ಲಾಸು ಅವಳಿಗೆ, ನೆಲಮಂಗಲದ ಇಂಗ್ಲಿಷ್ ಶಾಲೆ. ಅಲ್ಲೂ ವರ್ಷಕ್ಕೊಮ್ಮೆ ರಾಜ್ಯಗಳ ವೇಷ ಹಾಕಿಸುತ್ತಾರೆ. ತಿಳಿದಿರಲಿ, ಹೇಳಿಬಿಡು ಅನ್ನುತ್ತಾನೆ ಗಂಡ. ಹೇಳಿದರೆ ಆ ಗೇಟನ್ನು ನಾನೇ ತಂದು ಅವಳ ಮುಂದೆ ನೆಟ್ಟ ಹಾಗಾಗುತ್ತದೆ ಎಂದು ನನ್ನ ಹೆದರಿಕೆ. ಅವಳು ಎಲ್ಲೂ ಎದ್ದು ನಿಲ್ಲಬೇಕಾಗಬಾರದು. ನನಗೆ ಈ ಬದುಕಿನಲ್ಲಿ ಉಳಿದಿರುವ ಹಟ ಅದೊಂದೇ.

ಕಳೆದ ವಾರ ಅವಳ ಗೆಳತಿಯೊಬ್ಬಳ ಹುಟ್ಟುಹಬ್ಬವಿತ್ತು. ಹೊಸ ಲೇಔಟಿನ ಅಪಾರ್ಟ್‌ಮೆಂಟಿನಲ್ಲಿ ಅವರ ಮನೆ. ಗಂಡ ಮಗಳನ್ನು ಬಿಟ್ಟು ಬಂದಿದ್ದ, ಕೆಲಸ ಮುಗಿಸಿ ನಾನು ಕರೆತರಲು ಹೋದೆ. ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಅಂಗಡಿಯಲ್ಲಿ ಸಿಗುವ ಲಕ್ಷ್ಮಿ ಪಾದದ ಸ್ಟಿಕ್ಕರು ಅಂಟಿಸಿದ್ದರು, ಒಳಮುಖವಾಗಿ. ಗೆಳತಿಯ ತಾಯಿ ಬಂದು, “ಬನ್ರೀ, ಬನ್ನಿ ಒಳಗೆ. ಕೇಕ್ ತಿನ್ಕೊಂಡ್ ಹೋಗೋರಂತೆ,” ಎಂದರು. ಎಲ್ಲಿಯವರೋ, ಮಾತಿನಲ್ಲಿ ತೆಲುಗಿನ ಎಳೆಯಿತ್ತು.

“ಪರ್ವಾಗಿಲ್ಲ ಮೇಡಂ, ಇಲ್ಲೇ ಇರ್ತೀನಿ. ಲೇಟಾಯ್ತು,” ಎಂದೆ.

ಒಳಗಿನಿಂದ ಮಗಳು ತಟ್ಟೆ ಹಿಡಿದುಕೊಂಡೇ ಬಂದಳು. “ಆಂಟಿ, ನಮ್ಮಮ್ಮ ಒಳಗ್ ಬರಲ್ಲ,” ಎಂದಳು, ನನ್ನ ಪರವಾಗಿ ಹೇಳುವಂತೆ. “ಯಾವಾಗ್ಲೂ ಬಾಗ್ಲಲ್ಲೇ ನಿಂತ್ಕೊಳ್ಳೋದು. ನಾವು ಹಂಗೇ.” ಹೇಳಿದವಳು ಹೊಸ್ತಿಲು ದಾಟಿ ಆಚೆ ಬಂದು, ನನ್ನ ಪಕ್ಕ ಗೋಡೆಗೆ ಒರಗಿ, ನಿಂತುಕೊಂಡೇ ಕೇಕು ತಿನ್ನತೊಡಗಿದಳು.

ನಾವು ಹಂಗೇ ಅಂತೆ. ನಾನು ಒಂದು ಮಾತನ್ನೂ ಹೇಳಿರಲಿಲ್ಲ. ನಮ್ಮವ್ವನಾದರೂ ಬಾಯಿ ಬಿಟ್ಟು ಹೇಳಿ ಕಲಿಸಿದ್ದಳು. ನಾನು ಹೇಳದೆಯೇ ಕಲಿಸಿಬಿಟ್ಟಿದ್ದೆ. ಸಿಟ್ಟು ಬರುವಷ್ಟು ಚೈತನ್ಯವೂ ಇರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರ ಸೋಫಾದ ಮೇಲೆ, ಬಲೂನುಗಳನ್ನು ಸರಿಸಿ, ಕೂತೆ. ಮಗಳು ಬಾಗಿಲಲ್ಲೇ ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

“ಒಂದು ಲೋಟ ನೀರು ಕೊಡ್ತೀರಾ?” ಎಂದು ಕೇಳಿದೆ. ಬೇರೆಯವರ ಮನೆಯೊಳಗೆ ಕೂತು ನಾನಾಗಿ ನೀರು ಕೇಳಿದ್ದು ಅದೇ ಮೊದಲು. ಅವರು ತಂದುಕೊಟ್ಟರು. ಎತ್ತಿ ಕುಡಿಯಲಿಲ್ಲ. ಲೋಟವನ್ನು ಕಚ್ಚಿ, ಮಗಳು ನೋಡುವಂತೆ, ಪೂರ್ತಿ ಕುಡಿದೆ.